ಬಟ್ಟೆ ಸುತ್ತಿದ ಬಳೆ

ಭಾನುವಾರ, ಆಗಷ್ಟೇ ಬೆಳಕು ಹರಿಯುತ್ತಿದೆ. ಸೊರಬದ ಬಸ್ ನಿಲ್ದಾಣದ ಹಿಂದಿರುವ ತಗಡಿನ ಹಾಲ್‌ನ ಮೆಟ್ಟಿಲ ಮೇಲೆ ಕೂತು ಈಶ್ವರಮ್ಮ ತಮ್ಮ ಎರಡೂ ಕೈಯ ಗಾಜಿನ ಬಳೆಗಳಿಗೆ ಹಳೆ ಸೀರೆಯ ಪಟ್ಟಿ ಸುತ್ತುತ್ತಿದ್ದಾರೆ. ಗಂಟು ಬಿಗಿದು, ಕೈ ಕೊಡವಿ ನೋಡುತ್ತಾರೆ. ಸದ್ದಿಲ್ಲ. ಆಮೇಲೆ ಬೀಗ ತೆಗೆದು ಪೊರಕೆ ಹಿಡಿಯುತ್ತಾರೆ.

ವಾರವಿಡೀ ಅವರು ಈ ಹಾಲ್‌ನ ಕಸ ಗುಡಿಸುವವರು. ಭಾನುವಾರ ಮಾತ್ರ ಪರೀಕ್ಷಾ ಕೇಂದ್ರದ ಗೇಟು ಕಾಯುವವರು, ಕೊಠಡಿಯ ಮೇಲ್ವಿಚಾರಕರು ಎಲ್ಲವೂ ಅವರೇ. ಕೇಂದ್ರವೂ ತಾಲೀಮಿನದು, ಪರೀಕ್ಷೆಯೂ ತಾಲೀಮಿನದು. ಗದರುವುದು ಮಾತ್ರ ಅಸಲಿ.

ಶಿಕಾರಿಪುರದ ವಕೀಲ ಚನ್ನೇಶ್ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ಬರೆಯುವ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಮಕ್ಕಳನ್ನು ಇಲ್ಲಿ ಕೂರಿಸುತ್ತಾರೆ. ನಿಜವಾದ ಪರೀಕ್ಷೆ ಮಧ್ಯಾಹ್ನ ಎರಡಕ್ಕೆ, ಆದ್ದರಿಂದ ತಾಲೀಮೂ ಎರಡಕ್ಕೇ. ಊಟ ಮಾಡಿ ಬಂದ ಕಣ್ಣಿಗೆ ನಿದ್ದೆ ಎಳೆಯಬೇಕು, ತಲೆ ಮೇಲೆ ತಗಡು ಕಾಯಬೇಕು, ಬಸ್ಸಿನ ಹಾರನ್ ಕಿವಿಗೆ ಬೀಳಬೇಕು. ಮೊಬೈಲ್ ಹೊರಗೆ. ಕೂರುವುದು ಚೀಟಿಯಲ್ಲಿರುವ ನಂಬರಿನ ಬೆಂಚಿಗೇ, ಗೆಳತಿಯ ಪಕ್ಕಕ್ಕಲ್ಲ. ಒಂದು ಬೆಂಚಿನ ಕಾಲು ಅಲುಗಾಡುತ್ತದೆ. ಅದನ್ನು ಬೇಕೆಂದೇ ರಿಪೇರಿ ಮಾಡಿಸಿಲ್ಲ.

“ಪಾಠ ನಾನು ಹೇಳ್ಕೊಡಬಹುದು ರೀ. ಗುರುತಿಲ್ಲದೋರ ಎದುರು ಕೂತು ಬರೆಯೋದನ್ನ ಹೇಳ್ಕೊಡಕ್ಕೆ ಬರಲ್ಲ. ಅದಕ್ಕೆ ಇವರು ಬೇಕು” ಎನ್ನುತ್ತಾರೆ ಚನ್ನೇಶ್, ಈಶ್ವರಮ್ಮನತ್ತ ಕೈ ತೋರಿಸಿ.

ಗುರುತಿಲ್ಲದವರಂತೆ ಇರುವುದರಲ್ಲಿ ಈಶ್ವರಮ್ಮ ಪಳಗಿದ್ದಾರೆ. “ಮೊದಲನೇ ವಾರ ನೀರು ಕೇಳಿದ್ನಿ. ಕೇಳಿಸ್ಲೇ ಇಲ್ಲ ಅನ್ನೋರಂಗ ಹೋದ್ರು ರೀ. ಎಂಥಾ ಹೆಂಗಸಪ್ಪ ಅನಿಸ್ತು” ಎಂದು ನೆನೆಯುತ್ತಾಳೆ ಶಿಕಾರಿಪುರದಿಂದ ಬರುವ ದೀಪಶ್ರೀ. “ಈಗ ಬಾಟ್ಲಿ ನಾನೇ ತರ್ತೀನಿ.”

ಹೋದ ವರ್ಷ ಅವರು ಹೀಗಿರಲಿಲ್ಲ. ನೀರು ಕೊಡುತ್ತಿದ್ದರು, ಫ್ಯಾನು ತಿರುಗಿಸುತ್ತಿದ್ದರು. ಬರೆಯುವವರಲ್ಲಿ ಅವರ ಮಗಳು ಸಂಗೀತಳೂ ಇದ್ದಳು. ಕುಪ್ಪಗಡ್ಡೆ ಹತ್ತಿರದ ಕುರಿ ಸಾಕುವ ಮನೆಯಿಂದ ಕಾನೂನು ಓದಲು ಹೊರಟ ಮೊದಲ ಹುಡುಗಿ. ಅರ್ಧ ಗಂಟೆ ಉಳಿದಾಗ ಈಶ್ವರಮ್ಮ ಮಗಳ ಬೆಂಚಿನ ಪಕ್ಕ ಹಾಯ್ದು ಬಳೆ ಆಡಿಸುತ್ತಿದ್ದರು. ಇನ್ನು ಗಣಿತಕ್ಕೆ ಹೋಗು ಎಂಬ ಸೂಚನೆ ಅದು, ತಾಯಿ ಮಗಳ ನಡುವಿನ ಗುಟ್ಟು. ನಿಜವಾದ ಪರೀಕ್ಷೆಯ ದಿನ ಸಂಗೀತಳ ಕೈಯಲ್ಲಿ ಗಡಿಯಾರವಿತ್ತು. ಆದರೆ ಅವಳ ಕಿವಿ ಬಳೆಗೆ ಕಾಯುತ್ತಿತ್ತು. ಕೊನೆಯ ಗಂಟೆ ಹೊಡೆದಾಗ ಗಣಿತದ ಭಾಗವನ್ನು ಅವಳಿನ್ನೂ ಮುಟ್ಟಿರಲಿಲ್ಲ. ಸೀಟು ಕೈತಪ್ಪಿತು.

“ಒಳ್ಳೇದು ಮಾಡ್ತಿದೀನಿ ಅಂದ್ಕಂಡಿದ್ದೆ” ಎನ್ನುತ್ತಾರೆ ಈಶ್ವರಮ್ಮ, ಪೊರಕೆ ನಿಲ್ಲಿಸದೆ. “ಹುಡುಗಿಗೆ ಗಡಿಯಾರ ನೋಡೋದೇ ಮರೆಸಿಬಿಟ್ಟಿದ್ದೆ. ಬಳೆ ಬಿಚ್ಚಿಡಾಣ ಅಂದ್ರೆ ಅತ್ತೆ ಬಿಡಲ್ಲ. ಗಂಡ ಗಟ್ಟಿಮುಟ್ಟಾಗಿರುವಾಗ ಬರಿಗೈಲಿ ತಿರುಗ್ತೀಯೇನೇ ಅಂತಾರೆ. ಅದ್ಕೇ ಬಟ್ಟೆ.”

ಸಂಗೀತ ಈ ವರ್ಷ ಮತ್ತೊಮ್ಮೆ ಬರೆಯುತ್ತಿದ್ದಾಳೆ. ಇದೂ ಆಗದಿದ್ದರೆ ಸೊರಬದಲ್ಲೇ ಬಿ.ಎ.ಗೆ ಸೇರುವುದೆಂದು ಮನೆಯಲ್ಲಿ ಮಾತಾಗಿದೆ. ಹೋದ ಭಾನುವಾರ ಬಸ್ಸು ಕೆಟ್ಟು ಅವಳು ಬರುವಷ್ಟರಲ್ಲಿ ತಾಯಿ ಗೇಟು ಹಾಕಿಯಾಗಿತ್ತು. ಹೊರಗಿನಿಂದ ಮಗಳು ಕರೆದಳು. ಈಶ್ವರಮ್ಮ ತೆರೆಯಲಿಲ್ಲ. ಸಂಜೆ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಊರಿಗೆ ಹೋದರು. “ಅವತ್ತು ಊಟ ಸೇರ್ಲಿಲ್ಲ” ಎಂದು ಈಶ್ವರಮ್ಮ ನೇರವಾಗಿಯೇ ಹೇಳುತ್ತಾರೆ.

ಈ ಸಲ ಸಂಗೀತ ಒಂದು ಬಸ್ಸು ಮುಂಚೆಯೇ ಬಂದಿದ್ದಾಳೆ. ಗೇಟಿನಲ್ಲಿ ಈಶ್ವರಮ್ಮ ಎಲ್ಲರನ್ನೂ ಕೇಳುವಂತೆ ಅವಳನ್ನೂ ಕೇಳುತ್ತಾರೆ.

“ಹೆಸರು?”

“ಸಂಗೀತ.”

“ತಂದೆ ಹೆಸರು?”

“ದೊಡ್ಡಬೀರಪ್ಪ.”

ಗಂಡನ ಹೆಸರು ಕೇಳಿ ಈಶ್ವರಮ್ಮನ ಮುಖದಲ್ಲಿ ನಗುವಿಲ್ಲ. ಹಿಂದೆ ನಿಂತ ದೀಪಶ್ರೀಗೆ ಮಾತ್ರ ನಗು ತಡೆಯಲಾಗುವುದಿಲ್ಲ.

ತಾಲೀಮು ಮುಗಿಯಲು ಅರ್ಧ ಗಂಟೆ ಉಳಿದಿದೆ. ಈಶ್ವರಮ್ಮ ಬಾಗಿಲ ಬಳಿ ಕೈಗಳನ್ನು ಹಿಂದೆ ಕಟ್ಟಿ ನಿಂತಿದ್ದಾರೆ. ಅಲುಗಾಡುವ ಬೆಂಚು ಇವತ್ತು ಸಂಗೀತಳ ಪಾಲಿಗೆ ಬಂದಿದೆ. ಅವಳು ತನ್ನ ಗಡಿಯಾರ ನೋಡಿಕೊಂಡು, ಪುಟ ತಿರುಗಿಸಿ ಗಣಿತಕ್ಕೆ ಕೈ ಹಾಕುತ್ತಾಳೆ. ಬಾಗಿಲ ಕಡೆ ನೋಡುವುದಿಲ್ಲ. ಈಶ್ವರಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ, ಕೈಯ ಗಂಟು ಸರಿಮಾಡಿಕೊಳ್ಳುತ್ತ ದನಿ ತಗ್ಗಿಸಿ ಹೇಳುತ್ತಾರೆ: “ದೊಡ್ಡ ಪರೀಕ್ಷೆ ದಿನ ನಾನೂ ಜೊತೆಗೆ ಹೋಗ್ತೀನಿ ರೀ. ಅವತ್ತು ಗೇಟು ಹಾಕೋರು ಬೇರೆಯೋರು, ನಾನು ಆಚೆ. ಈ ಬಟ್ಟೆ ಬಿಚ್ಚಿ, ಕೈತುಂಬ ಹೊಸ ಬಳೆ ಹಾಕ್ಕಂಡು, ಬೇಕಾದಷ್ಟು ಸದ್ದು ಮಾಡ್ಕಂಡು ನಿಂತಿರ್ತೀನಿ. ಅವ್ಳು ತಲೆ ಎತ್ತಬಾರದು, ಅಷ್ಟೇ.”