ಒಂದೇ ತೋಳಿನ ಸ್ವೆಟರ್

ಉಣ್ಣೆಯನ್ನು ಬೇಸಿಗೆಯಲ್ಲಿ ಕೊಳ್ಳಬೇಕು. ಚಳಿ ಬಿದ್ದ ಮೇಲೆ ಹುಬ್ಬಳ್ಳಿಯ ಪೇಟೆಗೆ ಹೋದರೆ ಅಂಗಡಿಯವನು ನಿಮ್ಮ ಮುಖ ನೋಡಿಯೇ ದರ ಏರಿಸುತ್ತಾನೆ. ಮಟಮಟ ಮಧ್ಯಾಹ್ನ, ಅವನು ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತ ಕೂತಾಗ ಹೋಗಿ. ಬಣ್ಣ ಮೆಚ್ಚಿದರೆ ಸ್ವೆಟರಿಗೆ ಬೇಕಾದಷ್ಟನ್ನೂ, ಮೇಲೊಂದು ಉಂಡೆಯನ್ನೂ ಒಮ್ಮೆಗೇ ತೆಗೆದುಕೊಳ್ಳಿ. ಆಮೇಲೆ ಅವನು ಅದೇ ಬಣ್ಣವೆಂದು ಆಣೆ ಮಾಡಿ ಕೊಟ್ಟರೂ ತೋಳು ಒಂದು ಛಾಯೆ ಕಪ್ಪಾಗಿಯೇ ಕಾಣುತ್ತದೆ. ಮುಖ್ಯವಾದ ಮಾತೆಂದರೆ, ನನ್ನ ಅಕ್ಕನಂಥವರನ್ನು ಜೊತೆಗೆ ಕರೆದುಕೊಂಡು ಹೋಗಬೇಡಿ.

ಅವಳು ಅಂಗಡಿಯವನ ಎದುರಿಗೇ ಉಂಡೆಯನ್ನು ಗಲ್ಲಕ್ಕೆ ಒತ್ತಿಕೊಳ್ಳುವಳು. "ಎಷ್ಟ ಮೆತ್ತಗ ಐತಿ ನೋಡ ತಂಗಿ!" ಮುಗಿಯಿತು. ಗಲ್ಲಕ್ಕೆ ಹೋದ ಉಣ್ಣೆಯ ದರ ಯಾರು ಇಳಿಸುತ್ತಾರೆ? "ಅಕ್ಕಾರ ಮನಸಿಗೆ ಬಂದೈತ್ರಿ, ನೀವ್ಯಾಕ ಸುಮ್ಮನ ಜಗ್ಗತೀರಿ ಬಾಯಾರ?" ಎಂದು ಅವನು ಹಲ್ಲು ಕಿಸಿಯುತ್ತಿದ್ದ. ದಾರಿಯುದ್ದಕ್ಕೂ ನಾನು ಬೈಯುವುದು, ಅವಳು ಬಸ್ಸಿನ ಕಿಟಕಿಯಲ್ಲಿ ನಗುವುದು.

ಗಂಡ ತೀರಿಕೊಂಡ ಮೇಲೆ ಅಕ್ಕ ಧಾರವಾಡದ ನನ್ನ ಮನೆಗೆ ಬಂದಳು. ಆಗ ನಾನು ಸ್ವೆಟರ್ ಹೆಣೆದು ಚೀಲದಲ್ಲಿ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದೆ. ಇಬ್ಬರಾದ ಮೇಲೆ ಗಿರಾಕಿಗಳೇ ಮನೆಗೆ ಬರತೊಡಗಿದರು. ನನ್ನ ಹೆಣಿಗೆ ಗಟ್ಟಿ, ಅವಳದು ಚೆಂದ.

ದೀಪಾವಳಿ ಕಳೆದು ಮಂಜು ಬೀಳಲು ಶುರುವಾದರೆ ನಮಗೆ ಸುಗ್ಗಿ. ಬಿಸಿಲು ಮನೆಯ ಮುಂದಿನ ಕಟ್ಟೆಗೆ ಬರುವುದನ್ನೇ ಕಾದು, ಕಾಲು ಚಾಚಿ ಕೂರುತ್ತಿದ್ದೆವು. ಉಣ್ಣೆಯ ಉಂಡೆ ಉರುಳಿ ಧೂಳಾಗದಂತೆ ಹಿತ್ತಾಳೆಯ ಚರಿಗೆಯಲ್ಲಿ ಇಡುತ್ತಿದ್ದೆವು. ಎಳೆದಂತೆಲ್ಲ ಅದು ಒಳಗೆ ಕುಣಿದು ಮೆಲ್ಲಗೆ ಸದ್ದು ಮಾಡುವುದು. ನಡುವೆ ಹಸಿ ಕಡಲೆ ಸುಲಿದು ಬಾಯಿಗೆ ಹಾಕಿಕೊಳ್ಳುವುದು, ಮತ್ತೆ ಕಡ್ಡಿ ಹಿಡಿಯುವುದು. ಸ್ವೆಟರು ತೊಡುವವರಿಗಿಂತ ಮೊದಲು ಹೆಣೆಯುವವರ ತೊಡೆಯನ್ನು ಬೆಚ್ಚಗೆ ಮಾಡುತ್ತದೆ. ಆ ಸುಖವನ್ನು ಮಾತ್ರ ನಾನು ಯಾವ ದರಕ್ಕೂ ಮಾರಿದವಳಲ್ಲ. ಈಗ ಅದೂ ಉಳಿದಿಲ್ಲ.

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಅಕ್ಕ ಹಟ ಹಿಡಿದಳು. "ಊರಿಗೆಲ್ಲಾ ಸ್ವೆಟರ್ ಮಾರತಿ, ನೀ ಮಾತ್ರ ಹರಕ ಶಾಲು ಹೊತ್ತು ತಿರಗತಿ. ಗಿರಾಕಿ ಏನಂದಾರು? ಈ ಸಲ ನಿನಗ ಹಾಕತೇನಿ." ಬದನೆಕಾಯಿ ಬಣ್ಣ ಅವಳೇ ಆರಿಸಿದಳು. ಮೈ ಮುಗಿದು, ಎಡದೋಳು ಮುಗಿದು ಜೋಡಿಸಿಯೂ ಆಯಿತು. ಬಲದೋಳು ಮುಂಗೈಯಿಂದ ಗೇಣುದ್ದ ಮೇಲೆ ಬಂದಿತ್ತು. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಅವಳ ಕಡ್ಡಿ ಕೆಳಗೆ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. "ರಾತ್ರಿ ನಿದ್ದಿ ಮಾಡಿಲ್ಲೇನವಾ?" ಎಂದು ರೇಗಿ ತಲೆ ಎತ್ತಿದರೆ, ಅವಳ ಬಾಯಿ ಒಂದು ಕಡೆ ಸೊಟ್ಟಗಾಗಿತ್ತು.

ಜೀವ ಉಳಿಯಿತು. ಮಾತು ಬಂತು, ಕಾಲೂ ಎಳೆದುಕೊಂಡಾದರೂ ಬಂತು. ಬಲಗೈ ಬರಲಿಲ್ಲ.

ಕೈಗೆ ವ್ಯಾಯಾಮ ಮಾಡಿಸಲು ಒಬ್ಬ ಡಾಕ್ಟರಬಾಯಿ ಮನೆಗೆ ಬರುತ್ತಿದ್ದಳು. ನಾನು ಅವಳನ್ನು ಬಾಗಿಲಲ್ಲೇ ಹಿಡಿದೆ. "ದೀಪಾವಳಿ ಹೊತ್ತಿಗೆ ಕಡ್ಡಿ ಹಿಡೀತಾಳಲ್ರಿ?"

"ಹೇಳಾಕ ಬರಂಗಿಲ್ರಿ."

"ಹೋಗ್ಲಿ, ಸಂಕ್ರಾಂತಿಗೆ ಹಿಡೀಲಿ. ಎರಡ ಬೆರಳ ಆಡಿದ್ರೂ ಸಾಕು."

"ಬಾಯಾರ, ಇದರಾಗ ಚೌಕಾಶಿ ನಡ್ಯಂಗಿಲ್ರಿ," ಎಂದಳು ಆಕೆ, ಮೆಲ್ಲಗೆ.

ವ್ಯಾಪಾರಿಯ 'ಇಲ್ಲ' ಎಂಬ ಮಾತಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನನಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಆಕೆಯ ಮುಖದಲ್ಲಿ ನಾನು ತುಂಬ ಹುಡುಕಿದೆ.

ಕಡ್ಡಿಯ ಮೇಲೆ ಕೆಲಸ ಹಾಗೇ ಬಿಡಬಾರದು, ಕುಣಿಕೆಗಳು ಹಿಗ್ಗುತ್ತವೆ, ಕಬ್ಬಿಣದ ಕಡ್ಡಿಯಾದರೆ ತುಕ್ಕಿನ ಕಲೆ ಕೂರುತ್ತದೆ. ಗಿರಾಕಿಗಳಿಗೆ ನಾನೇ ಹೇಳುವ ಮಾತು. ಇನ್ನೊಂದನ್ನೂ ಹೇಳುತ್ತೇನೆ: ಒಬ್ಬರು ಹಿಡಿದ ಹೆಣಿಗೆಯನ್ನು ಇನ್ನೊಬ್ಬರು ಮುಂದುವರಿಸಬಾರದು. ಅಕ್ಕನ ಕೈ ಸಡಿಲ, ನನ್ನದು ಬಿಗಿ. ಆದರೂ ಒಂದು ಮಧ್ಯಾಹ್ನ ಅವಳು ಮಲಗಿದಾಗ ಆ ಬಲದೋಳನ್ನು ಎತ್ತಿಕೊಂಡೆ. ದಪ್ಪ ಕಡ್ಡಿ ತೆಗೆದುಕೊಂಡು, ದಾರವನ್ನು ಬೆರಳಿಗೆ ಸುತ್ತದೆ, ಕೈ ಬಿಟ್ಟು ಬಿಟ್ಟು ಹೆಣೆದೆ. ಬೆಳಕಿಗೆ ಹಿಡಿದು ನೋಡಿದರೆ ನನಗೇ ವ್ಯತ್ಯಾಸ ಕಾಣಲಿಲ್ಲ. ಗೆದ್ದೆ ಅಂದುಕೊಂಡೆ.

ಎದ್ದ ಮೇಲೆ ಅಕ್ಕ ಅದರ ಮೇಲೆ ಎಡಗೈಯ ಹೆಬ್ಬೆರಳು ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲಿತನಾ ನಾನು. ಇಲ್ಲಿಂದ ನೀನು."

"ಯಾರ ನೋಡತಾರ ಬಿಡು. ತೊಡಾಕಿ ನಾನ."

"ಬಿಚ್ಚು. ನಾನ ಮುಗಸ್ತೇನಿ. ನಿನಗ್ಯಾಕ ಅವಸರ? ಏನ ಮದವಿಗೆ ಹೊಂಟಿದ್ದೀ?"

ಬಿಚ್ಚಿದೆ. ನಿಜ ಹೇಳಬೇಕೆಂದರೆ, ಖುಷಿಯಿಂದ ಬಿಚ್ಚಿದೆ. 'ನಾನ ಮುಗಸ್ತೇನಿ' ಎಂಬ ಆ ಮಾತಿನ ಮೇಲೆ ಒಂದು ವರ್ಷ ಬದುಕಿದೆವು. ಅವಳು ಹೆಣೆದಷ್ಟು ತೋಳು ಅವಳ ಕಡ್ಡಿಯ ಸಮೇತ ಗೋಡೆಯ ಗೂಡಿನಲ್ಲಿತ್ತು. ಹಬ್ಬದಿಂದ ಹಬ್ಬಕ್ಕೆ ನಾನು ಗಡುವು ದೂಡುತ್ತ ಹೋದೆ. ಅವಳು ರಬ್ಬರಿನ ಚೆಂಡು ಹಿಡಿಯಲು ನೋಡುವಳು, ಅದು ಜಾರಿ ಮಂಚದ ಕೆಳಗೆ ಹೋಗುವುದು, ನಾನು ತಂದು ಕೊಡುವೆ.

ಈ ಸಲ ಚಳಿ ಬೇಗ ಬಂತು. ಅವಳ ಹಳೆಯ ಸ್ವೆಟರುಗಳನ್ನು ತೊಡಿಸುವುದು ದೊಡ್ಡ ಪಾಡು. ಸೋತ ಕೈಯನ್ನು ಮೊದಲು ತೂರಿಸಿ, ಆಮೇಲೆ ಇನ್ನೊಂದು ಕೈ, ಆಮೇಲೆ ತಲೆ. ಇಂಥವರು ಮನೆಯಲ್ಲಿದ್ದರೆ ಮುಂದೆ ಗುಂಡಿಯಿರುವುದನ್ನೇ ಹಾಕಿಸಿ. ಆ ಬೆಳಿಗ್ಗೆ ಎಷ್ಟು ತೂರಿಸಿದರೂ ಅವಳ ಬೆರಳು ತೋಳಿನೊಳಗೆ ಮಡಚಿಕೊಂಡು ಸಿಕ್ಕಿಬೀಳುತ್ತಿತ್ತು.

"ಸಾಕು ಬಿಡು," ಎಂದಳು. "ಆ ಬದನಿಕಾಯಿ ಬಣ್ಣದ್ದು ತಾ."

ತಂದು ತೊಡಿಸಿದೆ. ತಲೆ ಹೋಯಿತು, ಎಡಗೈ ಎಡದೋಳಿಗೆ ಹೋಯಿತು. ತೋಳಿಲ್ಲದ ಕಡೆ ಬಲಗೈ ಸಲೀಸಾಗಿ ಹೊರಗೆ ಬಂದು ಜೋತುಬಿತ್ತು.

"ನೋಡು, ನನಗ ಅಳತಿ ತಗೊಂಡು ಮಾಡಿದಂಗ ಐತಿ."

"ಬಲದೋಳು ಬಾಕಿ ಐತೆಲ್ಲ. ನೀನ ಮುಗಸ್ತೇನಿ ಅಂದಿದ್ದಿ."

"ಯಾರ ಸಲುವಾಗಿ? ಈ ಕೈಗೆ ಥಂಡಿ ಗೊತ್ತಾಗಂಗಿಲ್ಲ."

"ಸಂಕ್ರಾಂತಿತನಾ ನೋಡೋಣು ಅಕ್ಕಾ. ಹೋಗ್ಲಿ, ಯುಗಾದಿ..."

"ತಂಗಿ," ಎಂದಳು. ಉಣ್ಣೆಯ ಅಂಗಡಿಯಲ್ಲಿ ಒಮ್ಮೆಯೂ ಬಾರದಿದ್ದ ಗಟ್ಟಿ ದನಿ. "ಕಡ್ಡಿ ತಗಿ. ತುಕ್ಕ ಹಿಡದಾವು."

ಬಿಗಿಯಾಗಿ ಕೂತಿತ್ತು, ತಿರುಗಿಸಿ ತಿರುಗಿಸಿ ಎಳೆದೆ. ಕುಣಿಕೆಗಳು ಬಾಯಿ ತೆರೆದುಕೊಂಡು ನಿಂತವು. ಅವುಗಳೊಳಗೆ ದಾರ ಎಳೆದು ಕಟ್ಟದಿದ್ದರೆ ಇಡೀ ತೋಳು ಬಿಚ್ಚಿಹೋಗುತ್ತದೆ ಎಂದು ನನಗೆ ಗೊತ್ತು. ಕಟ್ಟಲಿಲ್ಲ.

ಕಟ್ಟೆಯ ಮೇಲೆ ಬಿಸಿಲಿಗೆ ಅವಳನ್ನು ಕೂರಿಸಿ ಪಕ್ಕದಲ್ಲಿ ಕೂತೆ. ಗಿರಾಕಿಯ ಕೆಲಸ ಕೈಯಲ್ಲಿತ್ತು. ಬಿಸಿಲಿನಲ್ಲಿದ್ದರೂ ಅವಳ ಬಲಗೈ ತಣ್ಣಗೇ ಇತ್ತು. ನನ್ನ ಶಾಲಿನ ಅಂಚನ್ನು ಅದರ ಮೇಲೆ ಹೊದಿಸಿದೆ. ಜಾರಿತು. ಮತ್ತೆ ಹೊದಿಸಿದೆ. ಮತ್ತೆ ಜಾರಿತು. ಅಕ್ಕ ನನ್ನ ಕಡ್ಡಿಗಳನ್ನೇ ನೋಡುತ್ತಿದ್ದಳು. ಹೊದಿಸಿದ್ದೂ ಅವಳಿಗೆ ಗೊತ್ತಾಗಲಿಲ್ಲ, ಜಾರಿದ್ದೂ ಗೊತ್ತಾಗಲಿಲ್ಲ.