ಬಾಳೆ ಎಲೆಯ ಹಾಸಿಗೆ

ಯಶವಂತಪುರದಿಂದ ಜಕ್ಕೂರಿಗೆ ನಾನು ಸೊಸೆಯಾಗಿ ಬಂದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹತ್ತೊಂಬತ್ತು, ನನ್ನ ನಾದಿನಿಗೆ ಹದಿನೆಂಟು. ಗಂಡನ ಮನೆಯವರಿಗೆ ದ್ರಾಕ್ಷಿ ತೋಟವಿತ್ತು, ತೋಟದ ಅಂಚಿಗೆ ಒಂದು ಸಾಲು ಬಾಳೆ. ಮೊದಲ ವಾರದಲ್ಲೇ ನಾನು ಒಂದು ಸಂಗತಿ ಗಮನಿಸಿದೆ. ನಾದಿನಿಯ ಸಾರು ಬೇರೆ ಕುಡಿಕೆಯಲ್ಲಿ ಬೇಯುತ್ತಿತ್ತು, ಅದಕ್ಕೆ ಅತ್ತೆ ಉಪ್ಪು ಹಾಕುತ್ತಿರಲಿಲ್ಲ. ಕುಡಿಯುವ ನೀರನ್ನೂ ಅಳೆದು ಕೊಡುತ್ತಿದ್ದರು.

ಕೇಳಲು ನನಗೆ ಸಂಕೋಚ. ಅವಳೇ ಹೇಳಿದಳು. ಹದಿಮೂರನೇ ವಯಸ್ಸಿನಲ್ಲಿ ಮುಖ, ಕಾಲು ಬಾತುಕೊಂಡವಂತೆ. ಮೂತ್ರಪಿಂಡಕ್ಕೆ ಕಾಯಿಲೆ ಎಂದು ಪೇಟೆಯ ಡಾಕ್ಟರು ಹೇಳಿದ್ದರಂತೆ. ಆಮೇಲೆ ಊತ ಬರುವುದು, ಇಳಿಯುವುದು ನಡೆದೇ ಇತ್ತು.

"ಉಪ್ಪು ತಿಂದೋರು ನೀರು ಕುಡೀತಾರೆ ಅಂತಾರಲ್ಲ ಅತ್ಗೆ, ನಾನು ಉಪ್ಪೂ ತಿನ್ನಂಗಿಲ್ಲ, ನೀರೂ ಕುಡಿಯಂಗಿಲ್ಲ. ನಂಗೆ ಯಾವ ಪಾಪಾನೂ ಅಂಟಾಕಿಲ್ಲ ಬುಡು" ಎಂದು ನಕ್ಕಳು. ಆ ಮನೆಯಲ್ಲಿ ನನಗೆ ಮೊದಲು ಹತ್ತಿರವಾದವಳು ಅವಳೇ.

ಆ ವರ್ಷ ಅವಳಿಗೊಂದು ಸಂಬಂಧ ಬಂದಿತ್ತು. ಊತ ಪೂರ್ತಿ ಇಳಿದಿದ್ದ ಕಾಲ. ಅಷ್ಟರಲ್ಲಿ ಅವಳಿಗೆ ಉರಿಮೂತ್ರ, ಚಳಿಜ್ವರ ಬಂತು. ಯಲಹಂಕಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರ ಹತ್ತಿರ ನಾವು ಮೂವರೂ ಹೋದೆವು. ಒಳಗೆ ಹೋಗುವ ಮುಂಚೆ ಅತ್ತೆ ನನ್ನ ಕೈ ಹಿಡಿದು, "ಕಾಲು ಊದೋ ಸುದ್ದಿ ಎತ್ತಬ್ಯಾಡ ಮಗಾ. ಇಲ್ಲಿ ಕೂತಿರೋರೆಲ್ಲ ನಮ್ಮ ಕಡೇರೇ. ಗಂಡಿನೋರ ಕಿವಿಗೆ ಬಿದ್ರೆ ಮುಗೀತು" ಎಂದರು. ನಾವು ಎತ್ತಲಿಲ್ಲ. ಡಾಕ್ಟರು ಸಲ್ಫಾ ಮಾತ್ರೆ ಬರೆದುಕೊಟ್ಟರು, ನೀರು ಜಾಸ್ತಿ ಕುಡಿಸಿ ಎಂದರು. ಮಾತ್ರೆಯನ್ನು ಹೊತ್ತುಹೊತ್ತಿಗೆ ಅವಳ ಅಂಗೈಗೆ ಹಾಕುತ್ತಿದ್ದವಳು ನಾನು.

ಉರಿ ವಾಸಿಯಾಯಿತು. ಆದರೆ ಒಂಬತ್ತನೇ ದಿನವೋ ಹತ್ತನೆಯದೋ, ಮತ್ತೆ ಜ್ವರ ಏರಿತು. ಕಣ್ಣು ಕೆಂಡದಂತಾದವು, ತುಟಿ ಒಡೆದು ಹುಣ್ಣಾಯಿತು. ಎದೆ, ಬೆನ್ನಿನ ಮೇಲೆ ಕೆಂಪು ಚುಕ್ಕೆಗಳು. "ಅಮ್ಮ ಬಂದವ್ಳೆ" ಎಂದು ಕೇರಿಯ ಹೆಂಗಸರು ತೀರ್ಮಾನಿಸಿದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಅಮ್ಮ ಬಂದ ಮನೆಗೆ ಡಾಕ್ಟರನ್ನು ಕರೆಯುವ ಪದ್ಧತಿ ಇರಲಿಲ್ಲ. ಉಳಿದಿದ್ದ ಎರಡು ಮಾತ್ರೆಯನ್ನು ಜ್ವರಕ್ಕೆಂದು ನಾನು ಅವತ್ತೂ ಕೊಟ್ಟೆ.

ಮಾರನೆಯ ಬೆಳಿಗ್ಗೆ ಗಂಜಿ ಕುಡಿಸಲು ಅವಳ ಬೆನ್ನಿಗೆ ಕೈಕೊಟ್ಟು ಎಬ್ಬಿಸಿದೆ. ಕಾದ ಹಾಲಿನ ಮೇಲಿನ ಕೆನೆ ಸರಿದಂತೆ ಚರ್ಮ ನನ್ನ ಬೆರಳಿನ ಕೆಳಗೆ ಜಾರಿತು. ಅವಳು ಕಿರುಚಲಿಲ್ಲ, ಉಸಿರು ಬಿಗಿಹಿಡಿದಳು, ಅಷ್ಟೆ. ಸಿಡುಬನ್ನು ನಾನು ತವರಿನಲ್ಲಿ ಕಣ್ಣಾರೆ ಕಂಡಿದ್ದೆ. ನನ್ನ ತಮ್ಮನಿಗೇ ಆಗಿತ್ತು. ಅದರಲ್ಲಿ ಗುಳ್ಳೆಗಳು ಬೇರೆಬೇರೆ ಏಳುತ್ತವೆ, ಕೀವು ತುಂಬಿಕೊಳ್ಳುತ್ತವೆ. ಹೀಗೆ ಹಾಳೆಹಾಳೆಯಾಗಿ ಚರ್ಮ ಬಿಡುವುದಿಲ್ಲ.

ಅಡುಗೆಮನೆಗೆ ಹೋಗಿ ಹೇಳಿದೆ. "ಅತ್ತೆ, ಇದು ಅಮ್ಮ ಅಲ್ಲ."

ಮದುವೆಯಾಗಿ ಆರು ತಿಂಗಳಾಗದ ಸೊಸೆಯ ಬಾಯಲ್ಲಿ ಬರಬಾರದ ಮಾತು ಅದು. ಅತ್ತೆ ನನ್ನನ್ನು ದಿಟ್ಟಿಸಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಒಳಗೆ ಹೋಗಿ ಮಗಳ ಬೆನ್ನು ನೋಡಿ ಬಂದು, ನನ್ನ ಗಂಡನಿಗೆ ಇಷ್ಟೇ ಹೇಳಿದರು: "ಓಗಪ್ಪ, ಗಾಡಿ ತತ್ತಾ."

ಊರ ಪಕ್ಕದ ಏರೋಡ್ರೋಮಿನ ಜೀಪು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ಪೇಟೆಯ ದೊಡ್ಡಾಸ್ಪತ್ರೆ ತಲುಪುವವರೆಗೆ ನಾನು ಅವಳನ್ನು ಎಲ್ಲಿ ಮುಟ್ಟಬೇಕೆಂದು ತಿಳಿಯದೆ ಕೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡಿದ್ದೆ.

ವಾರ್ಡಿನ ಡಾಕ್ಟರು ವಯಸ್ಸಾದವರು. ನೋಡಿದವರೇ ಕೇಳಿದರು: "ಯಾವ ಔಷಧಿ ಕೊಟ್ರಿ?" ಮಾತ್ರೆಯ ಹೆಸರು ಹೇಳಿದೆ. "ಮುಂಚೆ ಏನಾದ್ರೂ ಕಾಯಿಲೆ ಇತ್ತಾ?" ನಾನು ಅತ್ತೆಯ ಮುಖ ನೋಡಿದೆ. ಅಕ್ಕಪಕ್ಕದ ಮಂಚದವರೆಲ್ಲ ನಮ್ಮತ್ತಲೇ ತಿರುಗಿದ್ದರು. ಅತ್ತೆ ಸೆರಗು ಬಿಗಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಮೂತ್ರಪಿಂಡ ಕೆಟ್ಟೈತೆ ಸ್ವಾಮಿ. ಐದು ವರ್ಸ ಆಯ್ತು. ಯಲಹಂಕದ ಡಾಕ್ಟ್ರಿಗೆ ನಾನೇ ಏಳಬ್ಯಾಡ ಅಂದೆ."

ಡಾಕ್ಟರು ಗದರಲಿಲ್ಲ. "ಇಂಥ ಮಾತ್ರೆ ಕೆಲವರ ಮೈಗೆ ಒಗ್ಗಲ್ಲ ತಾಯಿ. ಯಾರಿಗೆ ಅಂತ ಮೊದಲೇ ಹೇಳೋಕಾಗಲ್ಲ. ಆದ್ರೆ ಮೂತ್ರಪಿಂಡ ಸರಿ ಇಲ್ದೋರಲ್ಲಿ ಔಷಧಿ ಬೇಗ ಹೊರಗೆ ಹೋಗಲ್ಲ, ಒಳಗೇ ನಿಲ್ಲುತ್ತೆ. ಅದಕ್ಕೆ ಹೇಳ್ಬೇಕಿತ್ತು. ಇನ್ಮೇಲೆ ಆ ಮಾತ್ರೆ ಈ ಹುಡುಗಿ ಬಾಯಿಗೆ ಹೋಗ್ಬಾರ್ದು. ಈಗ ಸುಟ್ಟಗಾಯದೋರನ್ನ ನೋಡ್ಕೊಂಡ ಹಾಗೆ ನೋಡ್ಕೋಬೇಕು" ಎಂದರು. ಉಳಿಯುತ್ತಾಳಾ ಎಂದು ನನ್ನ ಗಂಡ ಕೇಳಿದ್ದಕ್ಕೆ, "ಪ್ರಯತ್ನ ಮಾಡೋಣ" ಎಂದರು.

ಹಾಸಿಗೆಯ ಬಟ್ಟೆ ಅವಳ ಹಸಿ ಮೈಗೆ ಅಂಟುತ್ತಿತ್ತು. ಮಗ್ಗುಲು ಬದಲಿಸಿದಾಗಲೆಲ್ಲ ಚರ್ಮ ಬಟ್ಟೆಯ ಜೊತೆ ಹೋಗುತ್ತಿತ್ತು. ವಾರ್ಡಿನ ನರ್ಸಮ್ಮ ನನ್ನನ್ನು ಕರೆದು, "ನಿಮ್ಮನೇಲಿ ಬಾಳೆ ಇದ್ಯಾ?" ಎಂದರು. ಹೂಂ ಎಂದೆ. "ಎಳೆ ಎಲೆ ತರಿಸು. ಹರಿದಿರಬಾರ್ದು."

ಅಂದಿನಿಂದ ನನ್ನ ಗಂಡ ಬೆಳಗಾಗುತ್ತಲೇ ಸೈಕಲ್ಲಿನ ಹಿಂದೆ ಎಲೆಯ ಸುರುಳಿ ಕಟ್ಟಿಕೊಂಡು ಜಕ್ಕೂರಿನಿಂದ ಬರುತ್ತಿದ್ದರು. ಹೆಬ್ಬಾಳದ ಏರು ಹತ್ತುವಾಗ ಎಲೆ ಹರಿದೀತೆಂದು ಇಳಿದು ತಳ್ಳಿಕೊಂಡು ಬರುತ್ತಿದ್ದರಂತೆ. ನಾನು ಎಲೆಯ ನಡುವಿನ ದಂಟು ಹೆರೆದು, ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆದು, ಎಣ್ಣೆ ಸವರಿ ಮಂಚದ ಮೇಲೆ ಹಾಸುತ್ತಿದ್ದೆ. ಎಲೆಯ ಮೇಲೆ ಅವಳು ನೋವಿಲ್ಲದೆ ಹೊರಳಿದ ಮೊದಲ ದಿನ ನರ್ಸಮ್ಮ ನನ್ನ ಭುಜ ತಟ್ಟಿದರು.

ಕಣ್ಣಿನದೇ ದೊಡ್ಡ ಭಯವಾಗಿತ್ತು. ರೆಪ್ಪೆಗಳು ಒಳಗೆ ಬೆಸೆದುಕೊಂಡರೆ ದೃಷ್ಟಿ ಹೋಗಬಹುದು ಎಂದಿದ್ದರು. ಗಂಟೆಗೊಮ್ಮೆ ಉಪ್ಪುನೀರಿನಲ್ಲಿ ತೊಳೆಯುವುದನ್ನು ನನಗೂ ಕಲಿಸಿದರು. ಗಾಜಿನ ಕಡ್ಡಿಯಿಂದ ರೆಪ್ಪೆ ಬಿಡಿಸಿ ಮುಲಾಮು ಹಾಕುವ ಕೆಲಸ ಮಾತ್ರ ನರ್ಸಮ್ಮನದೇ. ಹೀಗೆ ತೊಳೆಯುತ್ತಿದ್ದಾಗ ಒಂದು ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. "ಕೊನೇ ಎರಡು ಮಾತ್ರೆ ನಾನೇ ಕೊಟ್ಟೆ ಕಣೆ. ಕೊಡಬಾರದಿತ್ತು" ಎಂದು ಅತ್ತುಬಿಟ್ಟೆ. ಅವಳು ಹುಣ್ಣಾದ ತುಟಿ ಕಷ್ಟದಿಂದ ಅಲುಗಿಸಿ, "ನುಂಗಿದ್ದು ನಾನಲ್ವಾ" ಎಂದಳು. ಆಮೇಲೆ, "ಅಳೋದಾದ್ರೆ ಅತ್ಲಾಗೆ ತಿರುಗಿ ಅಳು, ನನ್ನ ಕಣ್ಣಿಗೆ ಬೀಳ್ತೈತೆ" ಎಂದಳು.

ಎರಡು ವಾರ ಕಳೆಯಿತು. ಹೆಗಲ ಮೇಲೆ ಇಲಿಮರಿಯ ಮೈಯಂತೆ ತೆಳ್ಳನೆಯ ಗುಲಾಬಿ ಚರ್ಮ ಕಾಣಿಸಿತು. ಮೊದಲು ಹೆಗಲು, ಆಮೇಲೆ ಬೆನ್ನು, ಎಲ್ಲಕ್ಕಿಂತ ಕೊನೆಗೆ ಅಂಗಾಲು. ಒಂದು ದಿನ ಕಣ್ಣು ತೊಳೆದು ಒರೆಸಿದ ಮೇಲೆ ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು.

"ಕಾಣ್ತಾ ಇದೀನಾ?" ಎಂದು ಕೇಳಿದೆ.

"ಮೂಗುಬೊಟ್ಟು ವಾಲೈತೆ ಅತ್ಗೆ, ಸರಿ ಮಾಡ್ಕೊ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಅಲ್ಲೇ ಗೋಡೆಗೊರಗಿ ಕುಳಿತುಬಿಟ್ಟರು.

ಮನೆಗೆ ಬಂದಾಗ ಅವಳ ಮೈ ಮಚ್ಚೆಮಚ್ಚೆಯಾಗಿತ್ತು, ಉಗುರುಗಳು ಉದುರಿದ್ದವು. ಅವೂ ನಿಧಾನವಾಗಿ ಬೆಳೆದವು. ಗಂಡಿನವರು ಮತ್ತೆ ಈ ಕಡೆ ಬರಲಿಲ್ಲ. ಆ ವಿಷಯ ಎತ್ತಿದವರಿಗೆ ಅತ್ತೆ, "ನನ್ನ ಮಗಳು ಬಂದವ್ಳಲ್ಲ, ಸಾಕು" ಎನ್ನುತ್ತಿದ್ದರು.

ನಡೆಯಲು ಶಕ್ತಿ ಬಂದ ಮೇಲೆ ಅವಳು ಮಾಡಿದ ಮೊದಲ ಕೆಲಸ, ನನ್ನನ್ನು ಕರೆದುಕೊಂಡು ಯಲಹಂಕದ ಆ ಡಾಕ್ಟರ ಹತ್ತಿರ ಹೋದದ್ದು. ಜನ ತುಂಬಿದ್ದ ಕೋಣೆಯಲ್ಲಿ ತೋಳು ಮೇಲೆ ಮಾಡಿ ಮಚ್ಚೆಗಳನ್ನು ತೋರಿಸಿ, ಕಾಲಿನ ಊತದಿಂದ ಹಿಡಿದು ಎಲ್ಲ ಹೇಳಿದಳು. "ನಾವು ಬಚ್ಚಿಟ್ಟಿದ್ದು ತಪ್ಪಾಯ್ತು ಸಾರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಕೇಳ್ಲಿಲ್ವಲ್ಲಮ್ಮ" ಎಂದರು. ಒಂದು ದಪ್ಪ ಕಾಗದದ ಮೇಲೆ ಆ ಮಾತ್ರೆಯ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು, ಎಲ್ಲಿಗೆ ಹೋದರೂ ಮೊದಲು ಇದನ್ನು ತೋರಿಸು ಎಂದು ಕೊಟ್ಟರು.

ನನ್ನ ಮೊದಲ ಮಗುವಿಗೆ ಕೆಮ್ಮೆಂದು ಮುಂದಿನ ವರ್ಷ ಅಲ್ಲಿಗೆ ಹೋಗಿದ್ದೆ. ಮುಂದೆ ಕೂತಿದ್ದ ಮುದುಕರೊಬ್ಬರನ್ನು ಡಾಕ್ಟರು ಕೇಳುತ್ತಿದ್ದರು: "ಮುಖ, ಕಾಲು ಊದ್ಕೊಳ್ಳೋದು ಇದ್ಯಾ? ಹಿಂದೆ ಯಾವ್ದಾದ್ರೂ ಮಾತ್ರೆ ತಗೊಂಡು ಮೈಯೆಲ್ಲ ಕೆಂಪಾಗಿತ್ತಾ? ನಾಚ್ಕೋಬೇಡಿ, ಹೇಳಿ." ಮುದುಕರು ಒಂದು ಕ್ಷಣ ಸುತ್ತ ನೋಡಿದರು. ಆಮೇಲೆ ಪಂಚೆ ಸರಿಸಿ, ಬಾತ ಕಾಲನ್ನು ಮುಂದೆ ಚಾಚಿದರು.