ಹೊಸತೊಡಕಿಗೆ ಊರಿಗೆ ಹೋಗ್ತೀರಾ?

ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಮನಃಶಾಸ್ತ್ರ ಪಾಠ ಮಾಡಿದವಳು ನಾನು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಸಾಮಾಜಿಕ ಮನಃಶಾಸ್ತ್ರದ ಮೇಲೆ ಕನ್ನಡದಲ್ಲೊಂದು ಪಠ್ಯಪುಸ್ತಕ ಬರೆದೇ ತೀರುತ್ತೇನೆಂದು ಹಟ ಹಿಡಿದು ಕೂತೆ. ನಾಲ್ಕು ಅಧ್ಯಾಯ ಸಲೀಸಾಗಿ ಮುಗಿದವು. ಐದನೆಯದು ಸುಪ್ತ ಮನಸ್ಸಿನ ಕಥೆ.

ಆ ಕಥೆ ನನಗೆ ಬಾಯಿಪಾಠ. ಗುಂಪಿನಲ್ಲಿ ನಿಂತ ಮನುಷ್ಯನನ್ನು ಅವನಿಗೇ ಗೊತ್ತಿಲ್ಲದ ಯಾವುದೋ ಒಂದು ಆಡಿಸುತ್ತದೆ ಎಂದರು ಶುರುವಿನವರು. ಅಳೆಯಲಾಗದ್ದು ವಿಜ್ಞಾನವೇ ಅಲ್ಲ ಎನ್ನುವವರು ಬಂದು ಅದನ್ನು ಮನೆಯಿಂದ ಆಚೆ ಹಾಕಿದರು. ಎಷ್ಟೋ ದಶಕಗಳಾದ ಮೇಲೆ ಅದೇ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬಂತು, ಅರಿವಿಗೆ ಬಾರದ ಪೂರ್ವಗ್ರಹ ಎಂಬ ಹೊಸ ಹೆಸರಿಟ್ಟುಕೊಂಡು. ಇಷ್ಟನ್ನು ಹದಿನೆಂಟು ಪುಟ ಬರೆದು, ಓದಿ ಹೇಳೆಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟೆ. ಅವಳೀಗ ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮತ್ತಿಕೆರೆಯ ಪಿಜಿಯಿಂದ ದಿನಾ ಎರಡು ಬಸ್ಸು ಹಿಡಿದು ಬರುತ್ತಾಳೆ.

ವಾರವಾದ ಮೇಲೆ ಹಾಳೆಗಳನ್ನು ಮನೆಗೇ ತಂದುಕೊಟ್ಟಳು.

"ಚೆನ್ನಾಗಿದೆ ಮೇಡಂ. ಆದ್ರೆ ಉದಾಹರಣೆ ಎಲ್ಲಾ ಹೊರದೇಶದ್ದೇ. ನಮ್ಮ ಕಡೇದೊಂದು ಕೊಡಿ. ನಿಮ್ಮದೇ ಕೊಟ್ರೆ ಇನ್ನೂ ಒಳ್ಳೇದು."

"ನಂದಾ? ನಂದೇನಿದೆ ಕೊಡೋಕೆ?" ಎಂದೆ.

ಅವಳು ಕಾಫಿ ಮುಗಿಸಿ ಹೊರಟಳು. ಗೇಟಿನ ಹತ್ತಿರ ನಿಂತು ಒಮ್ಮೆ ಮಹಡಿಯ ಕಡೆ ನೋಡಿದಳು.

ಗವಿಪುರದ ನನ್ನ ಮನೆಯ ಆ ಮಹಡಿ ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. ಬಾಡಿಗೆಗೆ ಮೊದಲು ಕೇಳಿದವಳು ಅವಳೇ. ತಂಗಿಗೆ ಬಸವನಗುಡಿಯಲ್ಲಿ ಕಾಲೇಜು ಸೀಟು ಸಿಕ್ಕಿತ್ತು. ತರಗತಿ ಶುರುವಾಗುವುದರೊಳಗೆ ಮನೆ ಸಿಗದಿದ್ದರೆ ತಂಗಿ ಸೀಟು ಬಿಟ್ಟು ಊರಲ್ಲೇ ಉಳಿಯಬೇಕಿತ್ತು. ಸಂಸಾರಸ್ಥರಿಗೇ ಕೊಡುವುದೆಂದು ಅಂದುಕೊಂಡಿದ್ದೇನೆ, ಹುಡುಗಿಯರಿಬ್ಬರೇ ಅಂದರೆ ನನಗೂ ಜವಾಬ್ದಾರಿ ಎಂದು ಹೇಳಿ ಕಳಿಸಿದ್ದೆ. ಆ ಮಾತನ್ನು ನಾನು ಮನಸಾರೆ ನಂಬಿದ್ದೆ.

ಗೇಟಿನ ಹತ್ತಿರ ಅವಳು ಮಹಡಿಯ ಕಡೆ ನೋಡಿದ್ದು ತಲೆಯಲ್ಲೇ ಕೂತಿತ್ತು, ಅವತ್ತು ಮಧ್ಯಾಹ್ನ ಮಲಗಲಿಲ್ಲ. ಮನುಷ್ಯ ತನ್ನ ಬಗ್ಗೆ ಹೇಳಿಕೊಳ್ಳುವುದನ್ನು ನಂಬಬೇಡಿ, ಮಾಡಿದ್ದನ್ನು ನೋಡಿ ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದವಳು ನಾನು. ಸರಿ, ನೋಡಿಯೇ ಬಿಡೋಣ ಎಂದು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಇಲ್ಲಿಯವರೆಗೆ ಮಹಡಿಯಲ್ಲಿದ್ದವರನ್ನೆಲ್ಲ ಬರೆದೆ. ಏಳು ಬಿಡಾರ. ಅದರಲ್ಲಿ ಬ್ಯಾಂಕಿನಲ್ಲಿದ್ದ ಅಕ್ಕತಂಗಿಯರಿಬ್ಬರು ಐದು ವರ್ಷ ಇದ್ದರು, ಮದುವೆಯಾಗದವರು. ಅವರಿಗೆ ಕೊಡುವಾಗ ಯಾವ ಜವಾಬ್ದಾರಿಯೂ ನನಗೆ ನೆನಪಾಗಿರಲಿಲ್ಲ. ಏಳೂ ಬಿಡಾರಕ್ಕೆ ಹೊಂದುವ ಸಂಗತಿ ಒಂದೇ. ಎಲ್ಲರೂ ನಮ್ಮ ಹಾಗೆ ಮಾಂಸ ಮುಟ್ಟದವರು, ನಮ್ಮವರೇ.

ಆದರೆ ನಾನು ಯಾರ ಜಾತಿಯನ್ನೂ ಕೇಳಿದವಳಲ್ಲ! ಹಾಗಂತ ನಾಲ್ಕು ಜನರ ಮುಂದೆ ಜಂಬ ಕೊಚ್ಚಿಕೊಂಡಿದ್ದೂ ಉಂಟು. ಹಾಗಾದರೆ ಗೊತ್ತಾಗುತ್ತಿದ್ದುದು ಹೇಗೆ? ಮನೆ ನೋಡಲು ಬಂದವರನ್ನು ಕೂರಿಸಿ, ಕಾಫಿ ಕೊಟ್ಟು ನಾನು ಆಡುತ್ತಿದ್ದ ಮಾತುಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ಸಿಕ್ಕಿಬಿಟ್ಟಿತು. "ಹೊಸತೊಡಕಿಗೆ ಊರಿಗೆ ಹೋಗ್ತೀರಾ?" ಯುಗಾದಿಯ ಮಾರನೇ ದಿನ ಬಾಡೂಟ ಮಾಡುವ ಮನೆಯವರ ಮುಖ ಆ ಪ್ರಶ್ನೆಗೆ ಅರಳುತ್ತದೆ. ನಮ್ಮವರು "ಅಯ್ಯೋ, ನಮ್ಮಲ್ಲಿ ಅದೆಲ್ಲ ಇಲ್ಲ" ಎನ್ನುತ್ತಾರೆ. ನಾನದನ್ನು ಇಷ್ಟು ವರ್ಷ ಉಪಚಾರದ ಮಾತು ಅಂದುಕೊಂಡಿದ್ದೆ. ಈ ಹುಡುಗಿಯೂ ಅರಳಿದ ಮುಖದಲ್ಲಿ, "ಹೂಂ ಮೇಡಂ, ಅವತ್ತು ನಮ್ಮಮ್ಮನ ಸಾರು ತಪ್ಪಿಸ್ಕೊಳ್ಳೋಕಾಗುತ್ತಾ?" ಅಂದಿದ್ದಳು. ಅದಾದ ಮೇಲೆಯೇ ನನಗೆ ಸಂಸಾರಸ್ಥರು ನೆನಪಾದದ್ದು.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂದರೆ ಇದೇ. ವಿಪರೀತ ನಾಚಿಕೆಯಾಯಿತು. ನಾಚಿಕೆಪಟ್ಟುಕೊಂಡು ಕೂತರೆ ಯಾರಿಗೂ ಮನೆ ಸಿಗುವುದಿಲ್ಲವಲ್ಲ. ಎಲ್ಲವನ್ನೂ 'ನಾನು' ಎಂದೇ ಐದನೇ ಅಧ್ಯಾಯಕ್ಕೆ ಬರೆದು ಸೇರಿಸಿದೆ, ಮಾರನೇ ಬೆಳಿಗ್ಗೆ ಆಟೋ ಹಿಡಿದು ಕಾಲೇಜಿಗೆ ಹೋದೆ.

ಅವಳು ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಓದಿದಳು.

"ನಂಗೆ ಅವತ್ತೇ ಗೊತ್ತಾಯ್ತು ಮೇಡಂ. ಆ ಪ್ರಶ್ನೆ ಕೇಳಿದ ಐದನೇ ಮನೆ ನಿಮ್ಮದು."

"ನಂಗೇ ಗೊತ್ತಿರಲಿಲ್ಲ ಕಣೇ."

"ಕೇಳೋರಿಗೆ ಗೊತ್ತಿರಲ್ಲ. ಕೇಳಿಸ್ಕೊಳ್ಳೋರಿಗೆ ಗೊತ್ತಾಗುತ್ತೆ."

ನನ್ನ ಹದಿನೆಂಟು ಪುಟಗಳಲ್ಲಿ ಇಲ್ಲದಿದ್ದ ಮಾತು ಅದು. ನಾನು ಓದಿದ ಯಾವ ಪುಸ್ತಕದಲ್ಲೂ ಇದ್ದ ನೆನಪಿಲ್ಲ.

"ಮನೆ ಇನ್ನೂ ಖಾಲಿ ಇದೆ. ತಂಗಿನ ಕರ್ಕೊಂಡು ಬಂದ್ಬಿಡು," ಎಂದೆ.

"ಬರ್ತೀನಿ. ಆದ್ರೆ ಹೊಸತೊಡಕಿಗೆ ಊರಿಗೆ ಹೋಗಲ್ಲ. ಇಲ್ಲೇ ಮಾಡ್ತೀವಿ. ಆಗುತ್ತಾ?"

ಆಗುತ್ತೆ ಎಂದೆ. ಅನ್ನುವುದಕ್ಕೆ ಮುಂಚೆ ಒಂದು ಗುಟುಕು ನುಂಗುವಷ್ಟು ಹೊತ್ತು ಹಿಡಿಯಿತು. ಉತ್ತರ ಎಷ್ಟು ತಡವಾಯಿತು ಎಂಬುದರಿಂದಲೇ ನಮ್ಮ ಶಾಸ್ತ್ರದಲ್ಲಿ ಈಗಿನವರು ಒಳಮನಸ್ಸನ್ನು ಅಳೆಯುವುದು. ಅವಳಿಗೆ ಆ ಪಾಠ ಮಾಡಿದವಳೂ ನಾನೇ.

"ತಡ ಆಯ್ತು ಮೇಡಂ," ಎಂದಳು.

"ಹೌದು, ಆಯ್ತು. ಅದನ್ನೂ ಬರೀತೀನಿ. ಭಾನುವಾರ ಸಾಮಾನು ತಗೊಂಡು ಬಾ."

ಅವಳು ಬ್ಯಾಗಿನಿಂದ ಪೆನ್ನು ತೆಗೆದು ನನ್ನ ಕೈಗಿಟ್ಟಳು. "ಈಗಲೇ ಬರೀರಿ," ಎಂದಳು. ನಿಂತಲ್ಲೇ ಬರೆದೆ.